ಮನೆಯಲ್ಲೇ ಇರೋ ಕೆಲಸದಾಕೆ: ಹದಿನಾಲ್ಕು ತಿಂಗಳಾದ್ರೂ ನನಗೇ ಒಗ್ಗಿಲ್ಲ

ಪಿಜೆ_ಬಡಾವಣೆ_ಹುಡುಗಿ, ಸಿಂಗಾಪುರ:

ಎಲ್ಲರಿಗೂ ನಮಸ್ಕಾರ. ಈ ಮಾತು ಬೇರೆ ಕಡೆ ಎತ್ತಿದ್ರೆ "ಕೈಗೊಬ್ಬ ಕಾಲಿಗೊಬ್ಬ ಆಳು ಇಟ್ಕೊಂಡು ಇವಳಿಗೇನಂತೆ ಕಷ್ಟ" ಅಂತಾರೆ. ಇಲ್ಲಿ ಎಲ್ಲ ನಮ್ಮೂರು ಕಡೆಯೋರೇ ಇದೀರಿ, ಬೈದ್ರೂ ನಮ್ಮ ಭಾಷೆಯಲ್ಲೇ ಬೈತೀರಿ ಅಂತ ಧೈರ್ಯ ಮಾಡಿ ಬರೀತಿದೀನಿ.

ಹುಟ್ಟಿ ಬೆಳೆದಿದ್ದು ದಾವಣಗೆರೆ ಪಿ.ಜೆ. ಬಡಾವಣೆ. ಸಿಂಗಾಪುರಕ್ಕೆ ಬಂದು ಹತ್ತು ವರ್ಷ ಆಯ್ತು. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗ್ತೀವಿ, ಮಗನಿಗೆ ನಾಲ್ಕು ವರ್ಷ. ಮೊದಲೆಲ್ಲ ಅಮ್ಮ, ಅತ್ತೆ ಪಾಳಿ ಮೇಲೆ ಬಂದು ಹೋಗಿ ಮಾಡ್ತಿದ್ರು. ಇಬ್ಬರಿಗೂ ಮಂಡಿ ನೋವು ಹಿಡಿದ ಮೇಲೆ ಆ ಪಾಳಿ ಮುರೀತು. ಹದಿನಾಲ್ಕು ತಿಂಗಳ ಹಿಂದೆ ಏಜೆನ್ಸಿ ಮೂಲಕ ಮಧ್ಯ ಜಾವಾ ಕಡೆಯ ಒಬ್ಬಾಕೆಯನ್ನ ಕರೆಸ್ಕೊಂಡ್ವಿ. ನನಗಿಂತ ಎರಡು ವರ್ಷ ದೊಡ್ಡೋಳು. ಊರಲ್ಲಿ ಆಕೆಗೂ ಒಬ್ಬ ಮಗಳು ಇದಾಳೆ, ಒಂಬತ್ತು ವರ್ಷದೋಳು, ಅಜ್ಜಿ ಹತ್ರ.

ಖರ್ಚಿನ ಮಾತು ಕೇಳ್ತೀರಿ ಅಂತ ಗೊತ್ತು, ಅದನ್ನ ಮೊದಲೇ ಮುಗಿಸಿಬಿಡ್ತೀನಿ. ಸಂಬಳ ಬೇರೆ, ಅದರ ಮೇಲೆ ಸರ್ಕಾರಕ್ಕೆ ತಿಂಗಳಿಗೆ 300 ಡಾಲರ್ ಲೆವಿ. ಇಲ್ಲಿನ ಪೌರತ್ವ ಇರೋ ಸಣ್ಣ ಮಗು ಇದ್ದ ಮನೆಗೆ 60 ಡಾಲರ್ ಅಷ್ಟೇ, ನಮಗೆ ಆ ರಿಯಾಯಿತಿ ಇಲ್ಲ. 5,000 ಡಾಲರಿನ ಭದ್ರತಾ ಬಾಂಡ್, ಆಸ್ಪತ್ರೆ ವಿಮೆ, ಆಕೆ ಊಟ ತಿಂಡಿ, ಸೋಪು ಶಾಂಪೂ ಎಲ್ಲ ನಮ್ಮದೇ. ಮೊದಲ ಸಲ ಇಟ್ಕೊಳ್ಳೋರಿಗೆ ಮೂರು ಗಂಟೆ ಪಾಠವೂ ಉಂಟು, ನಾನು ಕಂಪ್ಯೂಟರ್ ಮುಂದೆ ಕೂತು ಕೇಳಿದೆ. ಕಿಟಕಿ ಹೊರಮೈ ಒರೆಸೋಕೆ ಹೇಳಬೇಕಾದ್ರೆ ಗ್ರಿಲ್ಲಿಗೆ ಬೀಗ ಹಾಕಿರಬೇಕು, ಮನೆಯವರು ಯಾರಾದ್ರೂ ಪಕ್ಕದಲ್ಲೇ ನಿಂತಿರಬೇಕು, ಹಿಂಗೆಲ್ಲ ಹೇಳ್ಕೊಟ್ರು. ಮನೆಯೊಳಗೆ ಇನ್ನೊಬ್ಬ ಹೆಂಗಸು ಹಗಲೂ ರಾತ್ರಿ ಇದ್ರೆ ನಾನು ಹೆಂಗಿರಬೇಕು ಅಂತ ಮಾತ್ರ ಹೇಳ್ಕೊಡಲಿಲ್ಲ.

ಮೊದಲನೇ ಪೇಚಾಟ ಮಲಗೋ ಜಾಗದ್ದು. ಇಲ್ಲಿ ಹೊಸ ಫ್ಲಾಟುಗಳಲ್ಲೆಲ್ಲ ಒಂದು ಶೆಲ್ಟರ್ ಕೋಣೆ ಇರುತ್ತೆ. ಯುದ್ಧಗಿದ್ಧ ಆದ್ರೆ ಒಳಗೆ ಸೇರ್ಕೊಳ್ಳೋಕೆ ಅಂತ ಕಾಂಕ್ರೀಟ್ ಗೋಡೆ, ಬ್ಯಾಂಕಿನ ಲಾಕರಿನಂಥ ಕಬ್ಬಿಣದ ಬಾಗಿಲು, ಕಿಟಕಿ ಇಲ್ಲ. ಎಷ್ಟೋ ಮನೆಯಲ್ಲಿ ಕೆಲಸದೋರು ಮಲಗೋದು ಅಲ್ಲೇ. ಏಜೆನ್ಸಿಯವರೂ "ಅದೇ ಸಾಕು ಮೇಡಂ, ಎಲ್ಲರೂ ಅಲ್ಲೇ ಹಾಕ್ತಾರೆ" ಅಂದ್ರು. ಆಕೆ ಬರೋ ಹಿಂದಿನ ದಿನ ನಾನು ಒಳಗೆ ಹೋಗಿ, ಬಾಗಿಲು ಎಳ್ಕೊಂಡು ಚಾಪೆ ಮೇಲೆ ಮಲಗಿ ನೋಡಿದೆ. ಐದು ನಿಮಿಷಕ್ಕೆ ಎದ್ದು ಬಂದೆ. ನಮ್ಮೂರಲ್ಲಿ ಜೋಳದ ಚೀಲಕ್ಕೂ ಗಾಳಿಯಾಡೋ ಜಾಗ ನೋಡಿ ಇಡ್ತೀವಿ. ಗಂಡ ಆಫೀಸ್ ಕೆಲಸ ಮಾಡ್ತಿದ್ದ ಸಣ್ಣ ಕೋಣೆ ಖಾಲಿ ಮಾಡಿಸಿ ಆಕೆಗೆ ಕೊಟ್ವಿ. ಆ ಮೇಜು ಹಾಲಿಗೆ ಬಂದಿದ್ದರ ಗೊಣಗಾಟ ಇವತ್ತಿಗೂ ನಿಂತಿಲ್ಲ.

ಎರಡನೇದು ಊಟ. ನಮ್ಮ ಜೊತೆ ಕೂತ್ಕೋ ಅಂತ ಕರೆದೆ. ಕುರ್ಚಿ ತುದಿಯಲ್ಲಿ ಕೂತು, ನಾಲ್ಕು ತುತ್ತು ನುಂಗಿ ಎದ್ಲು. ಮರುದಿನದಿಂದ ನಾವು ಬರೋ ಮುಂಚೆಯೇ ಊಟ ಮುಗಿಸಿ ಇರ್ತಾಳೆ. ಕರೆದಿದ್ದು ಆಕೆಗೆ ಶಿಕ್ಷೆ ಆಯ್ತೋ ಏನೋ. "ಮ್ಯಾಮ್ ಅನ್ನಬೇಡ" ಅಂದ್ರೆ "ಯೆಸ್ ಮ್ಯಾಮ್" ಅಂತಾಳೆ.

ಮಗ ಆಕೆಯನ್ನ "ಕಾಕಾ" ಅಂತ ಕರೀತಾನೆ. ಮಲಯ್ ಭಾಷೆಯಲ್ಲಿ, ಆಕೆ ಭಾಷೆಯಲ್ಲೂ, "ಕಕಾಕ್" ಅಂದ್ರೆ ಅಕ್ಕ. ಇವನ ಬಾಯಲ್ಲಿ ಕೊನೇ ಅಕ್ಷರ ಉದುರಿ ಹೋಗಿದೆ. ವಿಡಿಯೋ ಕಾಲಲ್ಲಿ ಇವನು "ಕಾಕಾ ಸ್ನಾನ ಮಾಡಿಸ್ತು" ಅಂದಾಗ ದಾವಣಗೆರೆಯಲ್ಲಿ ಅಮ್ಮನ ಮುಖ ನೋಡಬೇಕಿತ್ತು. "ಯಾವ ಕಾಕಾ ಬಂದಾನೆ ನಿಮ್ಮನೆಗೆ?" ಅಂತ ಅರ್ಧ ಗಂಟೆ ವಿಚಾರಣೆ.

ಈಗ ನಿಜವಾದ ವಿಷಯ. ಹೋದ ಶ್ರಾವಣದಲ್ಲಿ ಅಮ್ಮ ಮಂಡಿಗೆ ಪಟ್ಟಿ ಕಟ್ಕೊಂಡೇ ಆರು ವಾರಕ್ಕೆ ಬಂದ್ರು. ಬಂದ ಮೂರನೇ ದಿನ ಅಡುಗೆಮನೆ ಕಿಟಕಿ ಕಟ್ಟೆ ಮೇಲೆ ಒಂದು ಸ್ಟೀಲ್ ಲೋಟ, ಒಂದು ತಟ್ಟೆ ಬೇರೆ ಕೂತಿದ್ವು. ನಾನು ಮದುವೆಯಾಗಿ ಬರುವಾಗ ತಂದಿದ್ದ ಹಳೇ ಲೋಟ, ಅಂಚು ತಗ್ಗಾಗಿದೆ. ನನಗೆ ಹೇಳಬೇಕಾಗೇ ಇರಲಿಲ್ಲ. ನಮ್ಮ ಮನೆ ಹಿತ್ತಲ ಕಾಂಪೌಂಡ್ ಮೇಲೆ ಅಂಥದ್ದೇ ಒಂದು ಲೋಟ ನಾನು ಹುಟ್ಟಿದಾಗಿಂದ ಇತ್ತು. ಮುಸುರೆ ತಿಕ್ಕೋಕೆ ಬರ್ತಿದ್ದ ಅಜ್ಜಿ ಕೆಲಸ ಮುಗಿಸಿ ಅದನ್ನ ತಾನೇ ತೊಳ್ಕೊಂಡು ಹಿಡಿಯೋಳು, ಅಮ್ಮ ಮೇಲಿಂದ ಟೀ ಹಾಕೋರು. ಲೋಟಕ್ಕೆ ಲೋಟ ತಾಗಬಾರದು. ನಾನು ಎಷ್ಟೋ ಸಲ ಹಾಕಿದೀನಿ, ಅಷ್ಟೇ ಎತ್ತರದಿಂದ.

ಅಮ್ಮನಿಗೆ ಏನೂ ಹೇಳಲಿಲ್ಲ ನಾನು. ಆರು ವಾರ ಆ ಲೋಟ ಅಲ್ಲೇ ಇತ್ತು. ಹೇಳದೇ ಇದ್ದಿದ್ದು ಒಂದು ಕಡೆ ಚುಚ್ಚುತ್ತೆ, ಹೇಳಿದ್ರೆ ಅಮ್ಮ ಮುಂದಿನ ಸಲ ಬರ್ತಿರಲಿಲ್ಲ ಅನ್ನೋದು ಇನ್ನೊಂದು ಕಡೆ. ನಿಮ್ಮ ಮನೆಗಳಲ್ಲಿ ಇದನ್ನೆಲ್ಲ ಹೆಂಗೆ ನಿಭಾಯಿಸಿದ್ರಿ? ಉಪದೇಶ ಬೇಡ. ಏನು ಮಾಡಿದ್ರಿ ಅಂತ ಹೇಳಿ.

ಗಡಿಯಾರ_ಕಂಬ:

ಅಕ್ಕಾರೆ, ಲೋಟ ಪಾಟ ಆಮೇಲೆ. ಮೊದಲು ಹಾಲಿಗೆ, ಅಡುಗೆಮನೆಗೆ ಒಂದೊಂದು ಕ್ಯಾಮೆರಾ ಹಾಕಿಸ್ರಿ. ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿ ಇಟ್ಕೊಳ್ರಿ. ಜಾಸ್ತಿ ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ. ನಾಲ್ಕು ವರ್ಷದ ಕೂಸು ಮನೇಲೈತೆ, ನೀವು ಟೇಬಲ್ ಮೇಲೆ ಕೂರಿಸಿ ಉಣ್ಣಿಸೋ ಯೋಚನೆಯಲ್ಲಿದೀರಿ.

ದೇರಾ_ದಾವಣಗೆರೆ, ದುಬೈ:

ಪಾಸ್‌ಪೋರ್ಟ್ ಬೀರುವಿನಲ್ಲಿ ಇಡೋದು ಸಿಂಗಾಪುರದಲ್ಲೂ ತಪ್ಪು, ಇಲ್ಲೂ ತಪ್ಪು. ಅದು ಆಕೆಯದು, ಆಕೆ ಹತ್ರಾನೇ ಇರಬೇಕು. ಎಮಿರೇಟ್ಸಲ್ಲಿ ಮನೆಕೆಲಸದವರಿಗೆ ಅಂತಲೇ 2022ರಲ್ಲಿ ಹೊಸ ಕಾನೂನು ಬಂದಿದೆ. ವಾರಕ್ಕೆ ಒಂದು ದಿನ ರಜೆ, ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಒಂದೇ ಸಮ, ವರ್ಷಕ್ಕೆ 30 ದಿನ ಸಂಬಳ ಸಮೇತ ರಜೆ.

ಕಾಗದದ ಮೇಲಿರೋದು ಹಂಗೆ. ನಮ್ಮ ಬಿಲ್ಡಿಂಗಲ್ಲಿ ರಾತ್ರಿ ಹನ್ನೊಂದಕ್ಕೆ ಮಗು ಸ್ಟ್ರೋಲರ್ ತಳ್ಕೊಂಡು ಮಾಲಿಂದ ಬರೋ ಹೆಂಗಸರನ್ನ ದಿನಾ ನೋಡ್ತೀನಿ. ಮುಂದೆ ಅಪ್ಪ ಅಮ್ಮ ಮೊಬೈಲ್ ನೋಡ್ಕೊಂಡು ನಡೀತಿರ್ತಾರೆ.

ನಮ್ಮನೆ ಲೆಕ್ಕ ಬೇರೆ. ಮನೆಯಲ್ಲೇ ಇರೋರು ಬೇಡ ಅಂತ ಹೆಂಡತಿ ಖಡಾಖಂಡಿತ ಹೇಳಿದ್ಲು. ವಾರಕ್ಕೆ ಎರಡು ಸಲ ಕಂಪನಿಯಿಂದ ನಾಲ್ಕು ಗಂಟೆಗೆ ಬಂದು ಹೋಗ್ತಾರೆ. ಪ್ರತಿ ಸಲ ಬೇರೆ ಬೇರೆ ಮುಖ. ಹೆಸರು ಕೇಳೋಕೂ ಪುರುಸೊತ್ತಿಲ್ಲ. ಮುಜುಗರ ಇಲ್ಲ ನಿಜ, ಯಾಕಂದ್ರೆ ಪರಿಚಯವೇ ಇಲ್ಲ.

ನಿಟ್ಟುವಳ್ಳಿ_ಹುಡುಗ, ದಾವಣಗೆರೆ:

ಅಕ್ಕ, ನಾನು ಇಲ್ಲಿ ಓದ್ತೀನಿ ಅಷ್ಟೇ, ಬರೆಯಲ್ಲ. ನಿಮ್ಮ ಕಾಂಪೌಂಡ್ ಮೇಲಿನ ಲೋಟದ ಮಾತು ಓದಿ ಸುಮ್ನಿರಾಕೆ ಆಗ್ಲಿಲ್ಲ.

ನಮ್ಮಪ್ಪ ಕಾಟನ್ ಮಿಲ್ಲಿನಾಗೆ ಇದ್ರು. ಮಿಲ್ ಮುಚ್ಚಿದ ಮೇಲೆ ಸ್ವಲ್ಪ ದಿನ ಮಂಡಕ್ಕಿ ಭಟ್ಟಿಗೆ ಹೋದ್ರು, ಆ ಕಾವು, ಧೂಳು ತಡೀಲಿಲ್ಲ, ದಮ್ಮು ಹತ್ತಿತು. ಆಮೇಲೆ ಮನೆ ನಡೆಸಿದ್ದು ಅವ್ವ. ಪಿ.ಜೆ. ಬಡಾವಣೆಯಾಗೆ ಎರಡು ಮನೆ, ಎಂಸಿಸಿ ಬಿ ಬ್ಲಾಕಿನಾಗೆ ಎರಡು ಮನೆ. ಕಸ, ಮುಸುರೆ, ಬಟ್ಟೆ. ಬೆಳಗ್ಗೆ ಐದೂವರೆಗೆ ಹೊರಟರೆ ಹನ್ನೆರಡಕ್ಕೆ ಬರೋಳು. ನಾನು ಡಿಪ್ಲೊಮಾ ಓದಿದ್ದು ಆ ನಾಲ್ಕು ಮನೆ ಮೇಲೆ. ನೀವು ಹೇಳಿದ ಮನೆ ನಮ್ಮವ್ವ ಹೋಗ್ತಿದ್ದ ಮನೇನೇ ಇರಬಹುದು, ಗೊತ್ತಿಲ್ಲ, ಬ್ಯಾಡ ಬಿಡ್ರಿ.

ರಜಾ ದಿನ ನಾನೂ ಜೊತೆಗೆ ಹೋಗ್ತಿದ್ದೆ. ಲೋಟ ಬೇರೆ ಇಡೋದಕ್ಕೆ ಅವ್ವಂಗೆ ಅಷ್ಟು ಬೇಜಾರು ಇರ್ಲಿಲ್ಲ, ಎಲ್ಲ ಮನೇಲೂ ಹಂಗೇ ಇತ್ತಲ್ಲ. ಬೇಜಾರಾಗ್ತಿದ್ದಿದ್ದು ಬೇರೆ. ಒಂದು ಮನೆಯೋರು ನಿನ್ನೆ ಮೊನ್ನೆಯ ಚಿತ್ರಾನ್ನ ಕೊಟ್ಟು "ಚೆನ್ನಾಗೈತೆ, ತಿನ್ನು" ಅಂತ ನಿಂತ್ಕೊಂಡು ನೋಡ್ತಿದ್ರು. ವಾಸನೆ ಬಂದಿರೋದು ಗೊತ್ತಿದ್ರೂ ಅವರ ಮುಂದೆ ತಿನ್ನಬೇಕು. ಇನ್ನೊಂದು ಮನೆ ಅಮ್ಮೋರು ಲೋಟ ಬೇರೆ ಇಟ್ಟಿದ್ರೂನು ಅವ್ವ ಜ್ವರದಾಗೆ ಹೋದ ದಿನ ಕೈಯಿಂದ ಪೊರಕೆ ಕಿತ್ಕೊಂಡು ವರಾಂಡದಾಗೆ ಮಲಗಿಸಿ ಕಂಬಳಿ ಹೊದಿಸಿದ್ರಂತೆ. ಅವ್ವ ಇವತ್ತಿಗೂ ಆ ಅಮ್ಮೋರ ಹೆಸರು ಹೇಳ್ತಾಳೆ. ಚಿತ್ರಾನ್ನದ ಮನೆಯೋರ ಹೆಸರು ಬಾಯಿಗೆ ತರಲ್ಲ.

ಕರ್ನಾಟಕದಾಗೆ ಮನೆಕೆಲಸಕ್ಕೂ ಕನಿಷ್ಠ ಕೂಲಿ ಅಂತ 2004ರಾಗೇ ಸರ್ಕಾರ ಆದೇಶ ಮಾಡೈತಿ. ನನಗೆ ಗೊತ್ತಾಗಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಅವ್ವಂಗೆ ಹೇಳಿದ್ರೆ ನಕ್ಕಳು. "ಮನೆ ಬಿಡಿಸಿ ಇನ್ನೊಬ್ಬಾಕೀನ ಇಟ್ಕೊಂಡ್ರೆ ಆ ಆದೇಶ ಬಂದು ಮುಸುರೆ ತಿಕ್ಕುತ್ತೇನು?" ಅಂದ್ಲು. ನಿಮ್ಮಾಕಿಗೆ ಅಲ್ಲಿ ವಾರದ ರಜೆ ಐತಾ? ನಮ್ಮವ್ವಂಗೆ ರಜೆ ಅಂದ್ರೆ ಎರಡು ವರ್ಷಕ್ಕೊಂದು ಸಲ ದುಗ್ಗಮ್ಮನ ಜಾತ್ರೆ ಮಾತ್ರ. ಆಗ ಮಾತ್ರ ಕೇಳ್ದೆ ಹೇಳ್ದೆ ನಾಲ್ಕು ದಿನ ಹೋಗ್ತಿರ್ಲಿಲ್ಲ.

ಪಿಜೆ_ಬಡಾವಣೆ_ಹುಡುಗಿ, ಸಿಂಗಾಪುರ:

ತಮ್ಮ, ನೀವು ಬರೆದಿದ್ದನ್ನ ಮೂರು ಸಲ ಓದಿದೆ. ಕ್ಷಮೆ ಕೇಳೋಣ ಅಂತ ಟೈಪ್ ಮಾಡಿ ಅಳಿಸಿದೆ. ಇಲ್ಲಿ ನಿಮ್ಮ ಹತ್ರ ಕೇಳಿದ್ರೆ ನನಗೆ ಹಗುರ ಆಗುತ್ತೆ ಅಷ್ಟೇ, ನಿಮ್ಮವ್ವಂಗೆ ಏನೂ ಆಗಲ್ಲ.

ರಜೆ ಬಗ್ಗೆ ಕೇಳಿದ್ರಿ. ವಾರಕ್ಕೊಂದು ದಿನ ಕೊಡಬೇಕು ಅಂತ ಇಲ್ಲಿ 2013ರಿಂದ ಕಾನೂನಿದೆ. ಆದರೆ ಆಕೆ ಒಪ್ಪಿದ್ರೆ ಆ ದಿನದ ಬದಲು ದುಡ್ಡು ಕೊಡಬಹುದಿತ್ತು, ಹಂಗಾಗಿ ಒಂದೂ ರಜೆ ಇಲ್ಲದೆ ವರ್ಷ ಕಳೆದೋರೂ ಇದ್ರು. 2023ರ ಜನವರಿಯಿಂದ ತಿಂಗಳಿಗೆ ಒಂದು ರಜೆಯನ್ನಂತೂ ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಹಂಗಿಲ್ಲ.

ನಮ್ಮಾಕೆ ಪ್ರತಿ ಭಾನುವಾರ ಹೋಗ್ತಾಳೆ. ಶನಿವಾರ ರಾತ್ರಿನೇ ಸೀರುಂಡೆ ತಿಂದಷ್ಟು ಖುಷಿ. ಬೆಳಗ್ಗೆ ತುಟಿಗೆ ಬಣ್ಣ ಹಚ್ಕೊಂಡು, ಇಸ್ತ್ರಿ ಮಾಡಿದ ಹಿಜಾಬ್ ಸುತ್ಕೊಂಡು ಪಾಯಾ ಲೇಬಾರ್ ಕಡೆ ಹೊರಡ್ತಾಳೆ. ಅಲ್ಲಿ ಒಂದು ಹಳೇ ಮಾಲ್ ಇದೆ, ಭಾನುವಾರ ಇಂಡೊನೇಷ್ಯಾದ ಹೆಂಗಸರೆಲ್ಲ ಅಲ್ಲಿ ಸೇರ್ತಾರೆ. ಮೆಟ್ಟಿಲ ಮೇಲೆ, ಪಕ್ಕದ ಹುಲ್ಲಿನ ಮೇಲೆ ಚಾಪೆ ಹಾಸ್ಕೊಂಡು ಡಬ್ಬಿ ಬಿಚ್ಚಿ ಉಣ್ತಾರೆ. ಒಂದು ಸಲ ದೂರದಿಂದ ನೋಡಿದೆ. ನಗ್ತಾ ಯಾರಿಗೋ ಜಡೆ ಹಾಕ್ತಿದ್ಲು. ಅಷ್ಟು ಜೋರಾಗಿ ನಗೋದು ನಮ್ಮನೇಲಿ ಒಂದು ದಿನವೂ ಕೇಳಿಲ್ಲ. ಗುರುತು ಸಿಗಬಾರದು ಅಂತ ನಾನು ತಿರುಗಿ ಬಂದೆ.

ಆದ್ರೂ ಭಾನುವಾರ ಯಾರಾದ್ರೂ ಊಟಕ್ಕೆ ಬರ್ತೀವಿ ಅಂದ್ರೆ ನನ್ನ ಬಾಯಿಗೆ ಮೊದಲು ಬರೋದು "ಅಯ್ಯೋ, ಅವತ್ತು ಆಕೆ ಇರಲ್ಲ" ಅಂತಲೇ. ಒಂದು ಸಲ ಕೇಳಿಯೂ ಕೇಳಿದೆ, ಈ ಭಾನುವಾರ ಬಿಟ್ಟು ಮಂಗಳವಾರ ಹೋಗ್ತೀಯಾ ಅಂತ. "ಓಕೆ ಮ್ಯಾಮ್" ಅಂದ್ಲು. ಮಂಗಳವಾರ ಆಕೆಯ ಗೆಳತಿಯರು ಯಾರೂ ಇರಲ್ಲ ಅನ್ನೋದು ನನಗೆ ಹೊಳೆದಿದ್ದು ಮಂಗಳವಾರ ಆಕೆ ಕೋಣೆ ಬಿಟ್ಟು ಹೊರಗೇ ಬರದಾಗ.

ಇನ್ನೊಂದು ಮಾತು, ಇದನ್ನ ಗಂಡನ ಹತ್ರ ಬಿಟ್ಟು ಯಾರ ಹತ್ರವೂ ಹೇಳಿಲ್ಲ. ಆರು ತಿಂಗಳಿಗೊಂದು ಸಲ ಆಕೆಯನ್ನ ಡಾಕ್ಟರ ಹತ್ರ ಕಳಿಸಬೇಕು, ಕಡ್ಡಾಯ. ಸೋಂಕು ರೋಗಗಳ ಜೊತೆ ಬಸುರಿಯೇನೋ ಅಂತಲೂ ನೋಡ್ತಾರೆ. ಆಗಿದ್ರೆ ಊರಿಗೆ ವಾಪಸ್. ಮೊದಲ ಸಲ ಆ ಪತ್ರ ನನ್ನ ಹೆಸರಿಗೆ ಬಂತು. ನನಗಿಂತ ದೊಡ್ಡ ಹೆಂಗಸು, ಒಂದು ಮಗು ಹೆತ್ತಾಕೆ. ಪತ್ರ ಕೈಯಲ್ಲಿ ಕೊಡೋಕಾಗದೆ ಫ್ರಿಡ್ಜಿನ ಮೇಲೆ ಮ್ಯಾಗ್ನೆಟ್ಟಿಂದ ಸಿಗಿಸಿ ಆಫೀಸಿಗೆ ಹೋದೆ. ಹೇಡಿತನ.

ನಿವೃತ್ತ_ಟೀಚರಮ್ಮ, ವಿದ್ಯಾನಗರ ದಾವಣಗೆರೆ:

ಮಗಳೇ, ನಾನು ನಿನ್ನ ತಾಯಿಯ ವಯಸ್ಸಿನವಳು. ಅವರ ಪಕ್ಷ ವಹಿಸುತ್ತಿದ್ದೇನೆ ಎಂದು ತಿಳಿಯಬೇಡ. ಲೋಟ ಬೇರೆ ಇಟ್ಟಿದ್ದು ತಪ್ಪು. ಬಸವಣ್ಣನವರ ವಚನ ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮನೆಗೆ ಬಂದು ನಾನೂ ಮೇಲಿನಿಂದ ಟೀ ಸುರಿದವಳೇ. ನಿವೃತ್ತಿಯಾದ ಮೇಲೆ ಬಿಟ್ಟೆ. ಬಿಟ್ಟಿದ್ದು ನಾನಲ್ಲ, ಕೆಲಸಕ್ಕೆ ಬಂದ ಹೊಸ ಹುಡುಗಿ "ನಾನು ಟೀ ಕುಡಿಯಲ್ಲ ಅಮ್ಮೋರೆ" ಎಂದು ನೇರವಾಗಿ ಹೇಳಿಬಿಟ್ಟಳು. ಆರು ತಿಂಗಳಾದ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಆಕೆ ಟೀ ಕುಡಿಯುತ್ತಾ ನಿಂತದ್ದನ್ನು ನೋಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಲೋಟ ಇಲ್ಲ.

ಆದರೆ ಇನ್ನೊಂದು ಕಡೆಯನ್ನೂ ಕೇಳು. ನನ್ನ ಮಗಳೂ ನಿಮ್ಮ ಊರಿನಲ್ಲೇ ಇದ್ದಾಳೆ. ನಾನು ಮೂರು ತಿಂಗಳು ಹೋಗಿ ಇದ್ದೆ. ಅವಳ ಮನೆಯಲ್ಲಿ ಫಿಲಿಪೀನ್ಸ್ ದೇಶದ ಹೆಂಗಸು. ಬೆಳಗ್ಗೆ ಎಂಟಕ್ಕೆ ಮಗಳು ಅಳಿಯ ಹೊರಟರೆ ರಾತ್ರಿ ಏಳು. ಜೀರಿಗೆ ಎಲ್ಲಿದೆ, ಒಗ್ಗರಣೆ ಸೌಟು ಎಲ್ಲಿದೆ, ಗೀಸರ್ ಸ್ವಿಚ್ ಯಾವುದು, ಪ್ರತಿಯೊಂದಕ್ಕೂ ಆಕೆಯನ್ನೇ ಕೇಳಬೇಕು. ನಲವತ್ತು ವರ್ಷ ಒಂದು ಅಡುಗೆಮನೆ ಆಳಿದವಳು ಮಗಳ ಅಡುಗೆಮನೆಯಲ್ಲಿ ಅಪ್ಪಣೆ ಕೇಳಿ ನಿಲ್ಲಬೇಕು. ಮೊಮ್ಮಗ ಬಿದ್ದರೆ ಆಕೆಯ ಹತ್ತಿರ ಓಡುತ್ತಾನೆ, ನನ್ನ ಹತ್ತಿರ ಅಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯರು ತಮಗೆ ಗೊತ್ತಿರುವ ಒಂದೇ ಅಧಿಕಾರವನ್ನು ಚಲಾಯಿಸುತ್ತಾರೆ. ನಿನ್ನ ತಾಯಿಗೆ ಗೊತ್ತಿದ್ದದ್ದು ಲೋಟ.

ಒಂದೂವರೆ ತಿಂಗಳು ನಾವಿಬ್ಬರೂ ಮಾತಾಡಿರಲಿಲ್ಲ. ಒಂದು ಮಧ್ಯಾಹ್ನ ನಾನು ಜೋಳದ ರೊಟ್ಟಿ ಬಡಿಯಲು ಕೂತೆ. ಶಬ್ದ ಕೇಳಿ ಆಕೆ ಬಂದು ನಿಂತಳು. ಒಂದು ಉಂಡೆ ಕೊಟ್ಟೆ. ಬಡಿದಳು, ಹರಿಯಿತು. ಮತ್ತೆ ಬಡಿದಳು. ನಾಲ್ಕನೆಯದು ಅಂಗೈ ಅಗಲಕ್ಕೆ ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಮೊಬೈಲು ತೆಗೆದು ತನ್ನ ತಾಯಿಗೆ ತೋರಿಸಿದಳು. ಆ ತಾಯಿ ನನಗಿಂತ ಚಿಕ್ಕವಳು, ಕಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ನಿಗೆ ಮಗಳು ಹಣ ಕೂಡಿಡುತ್ತಿದ್ದಾಳೆ. ಸನ್ನೆಯಲ್ಲಿ ಇಷ್ಟೆಲ್ಲಾ ಮಾತಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಈ ಆಪರೇಷನ್ ವಿಷಯ ತಿಳಿದೇ ಇರಲಿಲ್ಲ, ಎರಡು ವರ್ಷದಿಂದ ಒಂದೇ ಮನೆಯಲ್ಲಿದ್ದರೂ.

ದುರ್ಗದ_ಗಾಳಿ, ಜರ್ಮನಿ:

ಟೀಚರಮ್ಮ ಬರೆದಿದ್ದು ಓದಿ ನಮ್ಮಮ್ಮನ ಜ್ಞಾಪಕ ಬಂತು. ನಾವು ಚಿತ್ರದುರ್ಗದೋರು, ಕೋಟೆ ರಸ್ತೆ.

ಜರ್ಮನಿಯಲ್ಲಿ ಮನೆಯಲ್ಲೇ ಇರೋ ಕೆಲಸದೋರು ಅನ್ನೋದು ನಮ್ಮಂಥೋರಿಗೆ ಕನಸಿನ ಮಾತು. ಎರಡು ವಾರಕ್ಕೊಮ್ಮೆ ಮೂರು ಗಂಟೆ ಒಬ್ಬರು ಬಂದು ಮನೆ ಒರೆಸ್ತಾರೆ. ಐವತ್ತು ದಾಟಿದ ಹೆಂಗಸು, ತನ್ನ ಕಾರಲ್ಲೇ ಬರ್ತಾರೆ. ಮಿನಿಜಾಬ್ ಅಂತ ಒಂದು ವ್ಯವಸ್ಥೆ ಇದೆ, ಅದರಲ್ಲಿ ನೋಂದಾಯಿಸಬೇಕು, ಅವರ ಪಿಂಚಣಿಗೆ, ಅಪಘಾತ ವಿಮೆಗೆ ನಾವೂ ಕಟ್ಟಬೇಕು. ಕಾಯಿಲೆ ಬಿದ್ರೂ ಸಂಬಳ, ರಜೆಗೂ ಸಂಬಳ. ಖರ್ಚಿನಲ್ಲಿ 20 ಪರ್ಸೆಂಟ್, ವರ್ಷಕ್ಕೆ ಹೆಚ್ಚೆಂದ್ರೆ 510 ಯೂರೋ, ನಮ್ಮ ತೆರಿಗೆಯಲ್ಲಿ ಮುರ್ಕೋತಾರೆ. ಬಂದ ಕೂಡ್ಲೆ ಕೋಟು ತೂಗುಹಾಕಿ, ಟೇಬಲ್ಲಿಗೆ ಕೂತು, ನನ್ನ ಹೆಸರು ಹಿಡಿದು ಕರೆದು ಕಾಫಿ ಕೇಳ್ತಾರೆ. ಕುಡಿದಾದ ಮೇಲೆ ಗಡಿಯಾರ ನೋಡಿ ಕೆಲಸ ಶುರು. ಮೂರು ಗಂಟೆ ಅಂದ್ರೆ ಮೂರೇ ಗಂಟೆ, ಅರ್ಧ ಒರೆಸಿದ ಕಿಟಕಿ ಅರ್ಧಕ್ಕೇ.

ಅಮ್ಮ ಬಂದಾಗ ಇದನ್ನೆಲ್ಲ ನೋಡಿ, "ಕಾರಲ್ಲಿ ಬಂದೋರಿಗೆ ಬಾತ್ರೂಮ್ ತೊಳಿ ಅಂತ ಹೆಂಗೋ ಬಾಯಿ ಬರುತ್ತೆ ನಿಂಗೆ?" ಅಂದ್ರು. ಅಲ್ಲಿ ಬರೋ ಹೆಂಗಸಿಗೆ ಹೆಂಗೆ ಬಾಯಿ ಬರ್ತಿತ್ತು ಅಂತ ನಾನು ಕೇಳಲಿಲ್ಲ. ಕೇಳಬಹುದಿತ್ತು.

ಈಗ ಅಮ್ಮ ಒಬ್ಬರೇ. ಅವರ ಜೊತೆ ಮನೆಯಲ್ಲೇ ಇರೋಕೆ ಎರಡು ವರ್ಷದಿಂದ ನಾನೂ ಒಬ್ಬಾಕೆಯನ್ನ ಇಟ್ಟಿದೀನಿ, ಚಳ್ಳಕೆರೆ ಕಡೆ ಹಳ್ಳಿಯೋರು. ಸಂಬಳ ಇಲ್ಲಿಂದ ಫೋನಲ್ಲಿ ಕಳಿಸ್ತೀನಿ. ಆಕೆಗೂ ಊರಲ್ಲಿ ವಯಸ್ಸಾದ ತಾಯಿ ಇದಾರೆ. ಅವರನ್ನ ನೋಡ್ಕೊಳ್ಳೋರು ಯಾರು ಅಂತ ಕೇಳಿದ್ದಕ್ಕೆ, "ಪಕ್ಕದ ಮನೆ ಹುಡುಗಿಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ ಅಣ್ಣ" ಅಂದ್ರು. ನನ್ನ ದುಡ್ಡು ದುರ್ಗಕ್ಕೆ, ದುರ್ಗದ ದುಡ್ಡು ಚಳ್ಳಕೆರೆಗೆ. ಕೊನೆಯಲ್ಲಿ ಆ ಹುಡುಗಿಯ ಅಮ್ಮನ್ನ ಯಾರು ನೋಡ್ಕೋತಾರೋ.

ಗಡಿಯಾರ_ಕಂಬ:

ಎಲ್ಲರೂ ಕಣ್ಣೀರು ಹಾಕ್ತಿದೀರಿ, ನಾನೊಬ್ಬನೇ ವಿಲನ್ ಆಗಿಬಿಟ್ಟೆ. ಪಾಸ್‌ಪೋರ್ಟ್ ಮಾತು ವಾಪಸ್ ತಗೊಂಡೆ, ಕಾನೂನು ಗೊತ್ತಿರಲಿಲ್ಲ. ಕ್ಯಾಮೆರಾ ಮಾತು ವಾಪಸ್ ತಗೊಳ್ಳಲ್ಲ. ನಾಳೆ ಕೂಸಿಗೆ ಏನಾದ್ರೂ ಪೆಟ್ಟಾಯ್ತು ಅಂತಿಟ್ಕೊಳ್ರಿ, ನೀವು ಮೊದಲು ಯಾರ ಮುಖ ನೋಡ್ತೀರಿ? ಆಕೇದೇ. ಕ್ಯಾಮೆರಾ ಇದ್ರೆ ಆಕೆಗೂ ಸಾಕ್ಷಿ ಆಗುತ್ತೆ. ಹಾಕೋದಾದ್ರೆ ಆಕೆಗೆ ಹೇಳಿ ಹಾಕ್ರಿ, ಮಲಗೋ ಕೋಣೆಗೆ, ಬಚ್ಚಲಿಗೆ ತಿರುಗಿಸಬೇಡ್ರಿ.

ಪಿಜೆ_ಬಡಾವಣೆ_ಹುಡುಗಿ, ಸಿಂಗಾಪುರ:

ಅಣ್ಣ, ನೀವು ಹೇಳಿದ್ದು ಆಗಿಹೋಗಿದೆ. ಮಾರ್ಚಲ್ಲಿ ಮಗ ಸೋಫಾದಿಂದ ಬಿದ್ದು ಹಣೆ ಒಡ್ಕೊಂಡ, ಎರಡು ಹೊಲಿಗೆ. ನಾನು ಆಫೀಸಿಂದ ಓಡಿಬಂದೆ. ನಾನು ಮೊದಲು ನೋಡಿದ್ದು ಆಕೆ ಮುಖವೇ. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ, ಆದರೆ ನೋಡಿದೆ, ಆಕೆಗೆ ಗೊತ್ತಾಯ್ತು. ಮಗ ನನ್ನ ಹತ್ರ ಬರದೆ "ಕಾಕಾ, ಕಾಕಾ" ಅಂತ ಆಕೆ ಕತ್ತು ಬಿಡಲಿಲ್ಲ. ಬಿದ್ದಾಗ ಎದುರಿಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿದ್ದೋರು ನನ್ನ ಗಂಡ ಅಂತ ಆಮೇಲೆ ತಿಳೀತು. ಆಕೆ ಬಟ್ಟೆ ಒಣಹಾಕ್ತಿದ್ಲಂತೆ.

ಕ್ಯಾಮೆರಾ ಹಾಕಿಲ್ಲ. ಹಾಕಿದ್ರೆ ಗಂಡನೂ ಕಾಣ್ತಾರೆ, ಅವರು ಒಪ್ಪಲ್ಲ.

ಮರಳಿ_ಊರಿಗೆ, ಶಾಮನೂರು ರಸ್ತೆ:

ನನ್ನದು ಉಲ್ಟಾ. ಅಮೆರಿಕದಲ್ಲಿ ಹನ್ನೊಂದು ವರ್ಷ ಒಬ್ಬಳೇ ಬಚ್ಚಲು ತೊಳೆದು, ಬಟ್ಟೆ ಮಡಚಿ, ಮಕ್ಕಳನ್ನ ಕಾರಲ್ಲಿ ಹೇರ್ಕೊಂಡು ಓಡಾಡಿ ಈಗ ವಾಪಸ್ ಬಂದಿದೀನಿ. ಕಸ ಮುಸುರೆಗೆ ಒಬ್ಬರು, ರೊಟ್ಟಿ ಮಾಡೋಕೆ ಒಬ್ಬರು. ಮೊದಲ ವಾರ ಅವರು ತಿಕ್ಕಿಟ್ಟ ಪಾತ್ರೆ ನಾನು ಒರೆಸಿಡ್ತಿದ್ದೆ. ಅತ್ತೆ ಕರೆದು, "ಹಂಗೆ ಮಾಡಿದ್ರೆ ಇವಳಿಗೆ ನನ್ನ ಕೆಲಸ ಹಿಡಿಸಲಿಲ್ಲ ಅಂದ್ಕೋತಾಳೆ" ಅಂದ್ರು. ಕೇಳಿದ್ರೆ ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ಲು.

ನೀವು ಟೇಬಲ್ಲಿಗೆ ಕರೆದಿದ್ದೂ ಇಂಥದ್ದೇ ಇರಬಹುದು. ಆಕೆಗೆ ಮೊಬೈಲ್ ನೋಡ್ಕೊಂಡು ಒಬ್ಬಳೇ ಉಣ್ಣೋದು ಸುಖ ಇರಬಹುದು. ಕೇಳಿದೀರಾ?

ಪಿಜೆ_ಬಡಾವಣೆ_ಹುಡುಗಿ, ಸಿಂಗಾಪುರ:

ಹತ್ತು ದಿನ ಬಿಟ್ಟು ಬರೀತಿದೀನಿ.

ಕೇಳಿದೆ. ಊಟದ ವಿಷಯ ನೀವು ಹೇಳಿದಂಗೇ. ಆ ಹೊತ್ತಿಗೆ ಮಗಳು ಸ್ಕೂಲಿಂದ ಬಂದಿರ್ತಾಳಂತೆ, ವಿಡಿಯೋ ಹಾಕ್ಕೊಂಡು ಇಬ್ಬರೂ ಒಟ್ಟಿಗೆ ಉಣ್ತಾರಂತೆ. ನಾನು ಟೇಬಲ್ಲಿಗೆ ಕರೆದು ಅದನ್ನೇ ತಪ್ಪಿಸಿದ್ದೆ. ಉಣ್ಣೋದು ಏನು ಅಂತಲೂ ಈಗ ನೋಡಿದೆ. ನಮ್ಮ ಸಾರು ಅನ್ನದ ಪಕ್ಕದಲ್ಲಿ ಟೆಂಪೆ ಅಂತ ಸೋಯಾ ಕಾಳಿನದೊಂದು ಕರಿದಿಟ್ಕೋತಾಳೆ, ಅದರ ಮೇಲೆ ಅಮ್ಮ ಬಿಟ್ಟುಹೋದ ಶೇಂಗಾ ಚಟ್ನಿಪುಡಿ. ಅವರ ಕಡೆ ಸೊಪ್ಪಿಗೆ ಶೇಂಗಾ ಗೊಜ್ಜು ಹಾಕಿ ತಿನ್ನೋ ಪೆಚೆಲ್ ಅಂತ ಒಂದು ಉಂಟಂತೆ, ಅದೇ ರುಚಿ ಬರುತ್ತಂತೆ. ಡಬ್ಬಿ ತಳ ಕಂಡಿದೆ. ನಾನು ಮಗನೇ ಖಾಲಿ ಮಾಡ್ತಿದಾನೆ ಅಂದ್ಕೊಂಡಿದ್ದೆ.

ಆಮೇಲೆ ಲೋಟ. ಅಮ್ಮ ಹೋದ ಮೇಲೆ ಅದು ಕಿಟಕಿ ಕಟ್ಟೆ ಮೇಲೆ ಇರಲಿಲ್ಲ. ನಾನೇ ಎಲ್ಲೋ ಎತ್ತಿಟ್ಟಿದೀನಿ ಅಂತ ಸುಮ್ಮನಿದ್ದೆ, ಹುಡುಕೋಕೆ ಹೋಗಲಿಲ್ಲ. ಮೊನ್ನೆ ಆಕೆಗೆ ಜ್ವರ. ಗಂಜಿ ತಗೊಂಡು ಕೋಣೆಗೆ ಹೋದೆ. ಆ ಕೋಣೆ ಕೊಟ್ಟ ಮೇಲೆ ನಾನು ಒಳಗೆ ಕಾಲಿಟ್ಟಿದ್ದು ಅವತ್ತೇ. ತಲೆದಿಂಬಿನ ಪಕ್ಕ ಸ್ಟೂಲ್ ಮೇಲೆ ಅದೇ ಲೋಟ, ಮೇಲೊಂದು ಕ್ರೋಶಾ ಹಾಕಿದ ಮುಚ್ಚಳ. ಅದರಲ್ಲೇ ದಿನಾ ಕಾಫಿ ಕುಡೀತಾಳಂತೆ. ನಾನು ನೋಡಿದ್ದನ್ನ ನೋಡಿ, "ಗ್ರ್ಯಾಂಡ್‌ಮಾ ಗಿವ್ ಮಿ" ಅಂದ್ಲು. ಮನೆಯಲ್ಲಿ ಇಷ್ಟೊಂದು ಲೋಟ ಇದ್ರೂ ಅಕ್ಷರ ಕೊರೆದಿರೋದು ಇದೊಂದೇ, ಅದನ್ನೇ ನನಗೆ ತೆಗೆದು ಕೊಟ್ರು ಅಂತ. ಫೋಟೋ ತೆಗೆದು ಮಗಳಿಗೂ ಕಳಿಸಿದಾಳಂತೆ. ಮುಂದಿನ ವರ್ಷ ಊರಿಗೆ ಹೋಗುವಾಗ ಒಯ್ಯಬಹುದಾ ಅಂತ ಕೇಳಿದ್ಲು.

ಒಯ್ಯಿ ಅಂದೆ. ಅಕ್ಷರ ಏನು ಅಂತ ಕೇಳಿದ್ಲು, ಹೆಸರು ಅಂತ ಹೇಳಿದೆ. ಇನ್ನೇನೂ ಹೇಳಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ, ಟಿವಿ ಸದ್ದು ಮಾತ್ರ. ಆಮೇಲೆ, "ಕಾಫಿ ಕುಡಿದ್ರೆ ಒಳಗೆ ಕರೆ ಹಿಡಿಯುತ್ತೆ. ಹುಣಸೇಹಣ್ಣು ಹಾಕಿ ತಿಕ್ಕಾಕೆ ಹೇಳು" ಅಂದ್ರು. ಚಟ್ನಿಪುಡಿ ಎಷ್ಟು ಕಳಿಸ್ಲಿ ಅಂತ ಕೇಳಿ ಇಟ್ರು.

ನಿಟ್ಟುವಳ್ಳಿ_ಹುಡುಗ, ದಾವಣಗೆರೆ:

ಅಕ್ಕ, ಅವ್ವಂಗೆ ಇದನ್ನ ಓದಿ ಹೇಳ್ದೆ. ಲೋಟದ ಮೇಲೆ ಯಾರ ಹೆಸರು ಐತಿ ಅಂತ ಕೇಳಾಕೆ ಹೇಳಿದ್ಲು. ಅವ್ವಂಗೆ ಓದಾಕೆ ಬರಲ್ಲ, ಆದ್ರೆ ತಿಕ್ಕುವಾಗ ಆ ಚುಕ್ಕಿ ಬೆರಳಿಗೆ ಹತ್ತುತಿದ್ವಂತೆ. ಚುಕ್ಕಿ ಮೇಲೇ ಇದು ಯಾರ ಮನೆ ಲೋಟ ಅಂತ ಹೇಳ್ತಿದ್ಲಂತೆ.

ಪಿಜೆ_ಬಡಾವಣೆ_ಹುಡುಗಿ, ಸಿಂಗಾಪುರ:

ನಮ್ಮಜ್ಜಿ ಹೆಸರು. ಅದರ ಕೆಳಗೆ "ದಾವಣಗೆರೆ" ಅಂತಿದೆ. "ಗೆ" ಅರ್ಧ ಅಳಿಸಿದೆ, ತಗ್ಗು ಬಿದ್ದಿರೋದು ಅಲ್ಲೇ.